ತಟ್ಟೆಯ ಅಂಚಿನಲ್ಲಿ ಹತ್ತು ಹನಿ

ನಮ್ಮ ಯಜಮಾನರು ಯಹೂದಿಗಳು. ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಯಹೂದಿಗಳು ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬಕ್ಕೆ ಪ್ರತಿ ವರ್ಷ ನ್ಯೂಜೆರ್ಸಿಯ ಅತ್ತೆ ಮನೆಗೆ ಹೋಗುತ್ತೇವೆ. ಹಬ್ಬದ ರಾತ್ರಿಯ ಸೇದರ್ ಊಟಕ್ಕೆ ಮುಂಚೆ ಅತ್ತೆ ಮಕ್ಕಳನ್ನೆಲ್ಲ ಕೂರಿಸಿ 'ರಗ್‌ರ‍್ಯಾಟ್ಸ್' ಕಾರ್ಟೂನಿನ ಪಸ್ಕದ ಕಂತು ಹಾಕಿದರು, 1995ರದು. ಅಟ್ಟದಲ್ಲಿ ಸಿಕ್ಕಿಕೊಂಡ ಅಜ್ಜ ಕಥೆ ಹೇಳುತ್ತಾನೆ. ಪುಟ್ಟ ಟಾಮಿಯೇ ಯಹೂದಿಗಳನ್ನು ಬಿಡಿಸಿದ ಮೋಶೆ, ಹಟಮಾರಿ ಆಂಜೆಲಿಕಾ ಐಗುಪ್ತದ ದೊರೆ ಫರೋಹ. ಗುಲಾಮಗಿರಿ ಅಂದರೇನೆಂದು ನಾನು ಎಷ್ಟು ಬಿಡಿಸಿ ಹೇಳಿದರೂ ಆರು ವರ್ಷದ ಮಗಳ ತಲೆಗೆ ಹತ್ತಿರಲಿಲ್ಲ. ಆಂಜೆಲಿಕಾ ಗದರಿದ ಕೂಡಲೇ ಹತ್ತಿತು.

ಆಮೇಲೆ ಊಟದ ಮೇಜು. ಫರೋಹ ಗುಲಾಮರನ್ನು ಬಿಡದಿದ್ದಾಗ ದೇವರು ಐಗುಪ್ತಕ್ಕೆ ಕಳಿಸಿದ ಹತ್ತು ಪಿಡುಗುಗಳ ಹೆಸರು ಹೇಳುತ್ತಾ, ಒಂದೊಂದಕ್ಕೂ ಲೋಟಕ್ಕೆ ಬೆರಳದ್ದಿ ತಟ್ಟೆಗೆ ಒಂದು ಹನಿ ಬಿಡಬೇಕು. ರಕ್ತ, ಕಪ್ಪೆ, ಹೇನು... ಮಗಳು ತುಟಿ ಕಚ್ಚಿಕೊಂಡು, ಕಿರುಬೆರಳಿನಿಂದ ದ್ರಾಕ್ಷಿರಸದ ಹನಿಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಳು. ಹತ್ತನೆಯದು ಚೊಚ್ಚಲ ಮಕ್ಕಳ ಸಾವು. ಕೈ ಲೋಟದ ಮೇಲೇ ನಿಂತಿತು.

"ಅಮ್ಮಾ, ಆ ಮಕ್ಕಳೇನು ಮಾಡಿದ್ರು?" ಕನ್ನಡದಲ್ಲೇ ಕೇಳಿದಳು.

ಅತ್ತೆಗೆ ಹೇಳಿದೆ. ಅವರ ಕಣ್ಣು ತುಂಬಿತು. ಐಗುಪ್ತದವರಿಗೂ ನೋವಾಯಿತಲ್ಲ, ಅದಕ್ಕೇ ನಮ್ಮ ಲೋಟದ ಸಂತೋಷವನ್ನು ಅಷ್ಟಷ್ಟು ಕಮ್ಮಿ ಮಾಡಿಕೊಳ್ಳುತ್ತೇವೆ ಎಂದರು. ಮಗಳು ಕೊನೆಯ ಹನಿ ಬಿಟ್ಟಳು. ಬೆರಳು ಚೀಪಲು ಹೋದವಳು, ಬೇಡವೆನಿಸಿ ನನ್ನ ಸೆರಗಿಗೆ ಒರೆಸಿಕೊಂಡಳು.