ಲಕ್ಕವಳ್ಳಿಗೆ ಹೋಗೋ ಮುಂಚೆ ಭದ್ರಾ ಡ್ಯಾಮಲ್ಲಿ ಎಷ್ಟು ಅಡಿ ನೀರಿದೆ ನೋಡ್ಕೊಳ್ಳಿ

ಎರಡು ವರ್ಷದ ಹಿಂದೆ ಸೆಪ್ಟೆಂಬರಲ್ಲಿ ಫ್ರೆಂಡ್ಸ್ ಜೊತೆ ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಗೆ ಹೋಗಿ, ಭದ್ರಾ ಹಿನ್ನೀರಲ್ಲಿ ಬೋಟ್ ಹತ್ತಿ ಒಂದೂವರೆ ಗಂಟೆ ಸುತ್ತಿ, ಒಂದು ಗರುಡ, ನಾಲ್ಕೈದು ನೀರುಕಾಗೆ ನೋಡ್ಕೊಂಡು ಮುಖ ಸಪ್ಪೆ ಮಾಡ್ಕೊಂಡು ವಾಪಸ್ ಬಂದಿದ್ವಿ. ಜಾಗ ಏನೋ ಸೂಪರ್, ನೀರು ಗುಡ್ಡದ ಬುಡದ ಮರಗಳನ್ನೆಲ್ಲ ಮುಳುಗಿಸ್ಕೊಂಡು ತುಂಬಿ ನಿಂತಿತ್ತು, ಫೋಟೋಗೆ ಅದಕ್ಕಿಂತ ಚೆನ್ನಾಗಿರೋದು ಸಿಗಲ್ಲ. ಆದ್ರೆ ಪ್ರಾಣಿ ಕಾಣ್ಲಿಲ್ಲ, ರಿವರ್ ಟರ್ನ್ ಅಂತ ಅಲ್ಲಿನ ಲಾಡ್ಜಿಗೆ ಹೆಸರಿಟ್ಟಿದಾರಲ್ಲ ಆ ಹಕ್ಕಿಯಂತೂ ಒಂದೂ ಇಲ್ಲ. ತಪ್ಪು ನಮ್ದೇ. ಡ್ಯಾಂ ತುಂಬಿದೆ ಅಂತ ನ್ಯೂಸಲ್ಲಿ ನೋಡಿ ಖುಷಿಯಾಗಿ ಹೊರಟಿದ್ವಿ, ಅದೇ ಕಾರಣಕ್ಕೆ ಹೋಗಬಾರ್ದಿತ್ತು ಅಂತ ಆಮೇಲೆ ಗೊತ್ತಾಗಿದ್ದು.

ಈ ಸಲ ಮಾರ್ಚ್ ಮಧ್ಯದಲ್ಲಿ ಹೋಗಿದ್ವಿ, ನಾನು, ನನ್ನ ಹೆಂಡ್ತಿ, ಆರನೇ ಕ್ಲಾಸಿನ ಮಗ, ಜೊತೆಗೆ ಅಮ್ಮ. ಅದೇ ಜಾಗನಾ ಇದು ಅನ್ನೋ ಹಾಗಿತ್ತು. ಅದಕ್ಕೇ ಇದನ್ನ ಬರೀತಿದೀನಿ, ಪ್ಲಾನ್ ಮಾಡ್ತಿರೋರಿಗೆ ಉಪಯೋಗ ಆಗ್ಲಿ ಅಂತ.

ವಿಷಯ ಏನಂದ್ರೆ, ಭದ್ರಾ ಡ್ಯಾಮಿನ ಪೂರ್ತಿ ಮಟ್ಟ 186 ಅಡಿ. ಮಳೆಗಾಲದಲ್ಲಿ ತುಂಬುತ್ತೆ, ಆಮೇಲೆ ನಾಲೆಗೆ ಬಿಡ್ತಾ ಬಿಡ್ತಾ ಇಳಿಯುತ್ತೆ. ಬೇಸಿಗೆ ಬೆಳೆಗೆ ನೀರು ಬಿಡಿ ಅಂತ ದಾವಣಗೆರೆ ಕಡೆ ರೈತರು ಕೇಳೋ ಹೊತ್ತಿಂದ ಶುರುವಾಗಿ ಇಲ್ಲಿ ಹಿನ್ನೀರಿನ ಅಂಚು ಹಿಂದೆ ಹಿಂದೆ ಸರೀತಾ ಹೋಗುತ್ತೆ, ಮುಳುಗಿದ್ದ ದಿಬ್ಬಗಳೆಲ್ಲ ಒಂದೊಂದಾಗಿ ದ್ವೀಪದ ಥರ ಮೇಲೆ ಬರ್ತವೆ, ದಡದಲ್ಲಿ ಹಸಿರು ಹುಲ್ಲು ಚಿಗುರುತ್ತೆ. ಕಾಡೊಳಗಿನ ಹಳ್ಳ ಒಣಗಿರೋದ್ರಿಂದ ಆನೆ, ಕಾಟಿ (ಕಾಡುಕೋಣ), ಜಿಂಕೆ ಎಲ್ಲ ಈ ಹುಲ್ಲಿಗೆ, ಈ ನೀರಿಗೇ ಬರ್ಬೇಕು. ಟರ್ನ್ ಹಕ್ಕಿಗಳು ಕೂಡ ಈ ದ್ವೀಪಗಳಲ್ಲೇ ಮೊಟ್ಟೆ ಇಡೋದು, ಗೂಡು ಗೀಡು ಏನೂ ಕಟ್ಟಲ್ಲ, ಕಲ್ಲು ಮಣ್ಣಿನ ಮೇಲೆ ಸಣ್ಣ ಗುಳಿ ಅಷ್ಟೇ. ಅಂದ್ರೆ ದ್ವೀಪ ಎದ್ದಿಲ್ಲ ಅಂದ್ರೆ ಹಕ್ಕಿ ಕೂರೋಕೆ ಜಾಗನೇ ಇಲ್ಲ. ಹಾಗಾಗಿ ಬುಕ್ ಮಾಡೋ ಮುಂಚೆ ಪೇಪರಲ್ಲಿ ದಿನಾ ಬರುತ್ತಲ್ಲ ಜಲಾಶಯಗಳ ಮಟ್ಟ, ಅದನ್ನ ನೋಡಿ. ಫೆಬ್ರವರಿ ಕೊನೆಯಿಂದ ಮೇ ಮಧ್ಯದವರೆಗೆ ನನ್ನ ಪ್ರಕಾರ ಸರಿಯಾದ ಟೈಮು. ಸೆಕೆ ಇರುತ್ತೆ, ಮಧ್ಯಾಹ್ನ ಬೆವರು ಸುರಿಯುತ್ತೆ, ಸಹಿಸ್ಕೋಬೇಕು. ಮಳೆ, ಮಂಜು, ಹಸಿರೇ ಬೇಕು ಅನ್ನೋರು ಆಗಸ್ಟ್ ಸೆಪ್ಟೆಂಬರಲ್ಲಿ ಹೋಗಿ, ಬೇಡ ಅನ್ನಲ್ಲ, ಆದ್ರೆ ಬಂದ್ಮೇಲೆ ಸಫಾರಿ ದಂಡ ಅಂತ ಬೈಬೇಡಿ.

ದಾರಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ನಾವು ಹಾಸನದವರು, ಅರಸೀಕೆರೆ, ಬಾಣಾವರ, ಕಡೂರು, ಬೀರೂರು ದಾಟಿ ತರೀಕೆರೆ, ಅಲ್ಲಿಂದ ಲಕ್ಕವಳ್ಳಿ, ತಿಂಡಿಗೆ ನಿಲ್ಸಿದ್ದೂ ಸೇರಿ ಮೂರೂವರೆ ಗಂಟೆ. ಬೆಂಗಳೂರಿನೋರು ತುಮಕೂರು, ತಿಪಟೂರು ಮೇಲೆ ಬಂದು ಅರಸೀಕೆರೆಯಲ್ಲಿ ಇದೇ ರೋಡಿಗೆ ಸೇರ್ತಾರೆ. ಕಾರಿಲ್ಲದೋರಿಗೆ ಬೆಂಗಳೂರು-ಶಿವಮೊಗ್ಗ ರೈಲ್ವೆ ಲೈನಲ್ಲೇ ತರೀಕೆರೆ ಸ್ಟೇಷನ್ ಇದೆ, ಅಲ್ಲಿಂದ ಆಟೋನೋ ಟ್ಯಾಕ್ಸಿನೋ ಮಾಡ್ಕೊಂಡು ಹೋಗ್ಬಹುದು. ಪೆಟ್ರೋಲ್, ದುಡ್ಡು, ಮಾತ್ರೆ ಎಲ್ಲ ತರೀಕೆರೆಯಲ್ಲೇ ಮುಗಿಸ್ಕೊಂಡುಬಿಡಿ.

ರಿವರ್ ಟರ್ನ್ ಲಾಡ್ಜ್ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆದು, ಸಂಸ್ಥೆ ಶುರುವಾಗಿದ್ದು 1980ರಲ್ಲಿ. ನಂಗೆ ಈ ಜಾಗದಲ್ಲಿ ಇಷ್ಟವಾಗೋದು ಏನಂದ್ರೆ ನೀರಿನ ಮೇಲಿಂದ, ಅಂದ್ರೆ ಬೋಟಲ್ಲಿ ಕೂತು ತಿರುಗಿ ನೋಡಿದ್ರೆ ರೂಮುಗಳು ಎಲ್ಲಿವೆ ಅಂತ ಹುಡುಕ್ಬೇಕು. ಗುಡ್ಡದ ಮೇಲೆ ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಕಾಟೇಜು, ಮಾಡಿನ ಒಂದು ತುದಿ ಕಂಡ್ರೆ ಕಾಣುತ್ತೆ. ಮುಂದೆ ಒಂದು ಸಿಟೌಟು, ಎರಡು ಕುರ್ಚಿ, ಎದುರಿಗೆ ನೀರು, ಆಚೆ ದಡದಲ್ಲಿ ಕಾಡು. ಹೋದ ವರ್ಷ ಚಿಕ್ಕಮಗಳೂರಿನ ಹತ್ರ ಒಂದು ಪ್ರೈವೇಟ್ ರೆಸಾರ್ಟಿಗೆ ಹೋಗಿದ್ವಿ, ಹೆಸರು ಬೇಡ, ಗುಡ್ಡನ ಮೂರು ಮೆಟ್ಟಲು ಥರ ಕಡಿದು ಉದ್ದಕ್ಕೂ ಗ್ಲಾಸ್ ಹಾಕಿ, ಅಂಚಲ್ಲೊಂದು ಸ್ವಿಮ್ಮಿಂಗ್ ಪೂಲ್, ರಾತ್ರಿ ಹನ್ನೊಂದರವರೆಗೂ ಡಿಜೆ. ಬ್ರೋಷರ್ ತುಂಬ 'ಪ್ರಕೃತಿಯ ಮಡಿಲಲ್ಲಿ' ಅಂತ ಬರ್ಕೊಂಡಿದ್ರು. ಆ ಮಡಿಲಲ್ಲಿ ಒಂದು ಜೀರುಂಡೆ ಸದ್ದೂ ಕೇಳ್ಲಿಲ್ಲ ಬಿಡಿ.

ಇಲ್ಲಿ ಪ್ಯಾಕೇಜ್ ಲೆಕ್ಕ, ತಲೆಗೆ ಇಷ್ಟು ಅಂತ, ಊಟ, ತಿಂಡಿ, ಜೀಪ್ ಸಫಾರಿ, ಬೋಟ್ ಸಫಾರಿ ಎಲ್ಲ ಅದರಲ್ಲೇ ಸೇರಿರುತ್ತೆ. ಮೊದಲು ನೋಡಿದಾಗ ಅಬ್ಬಾ ಅನ್ಸುತ್ತೆ, ಬಿಡಿಸಿ ಲೆಕ್ಕ ಹಾಕಿದ್ರೆ ಅಷ್ಟು ಅನ್ಸಲ್ಲ. ವಾರದ ದಿನ ಹೋಗೋಕಾದ್ರೆ ಹೋಗಿ, ಬುಕ್ ಮಾಡೋವಾಗ ಮಕ್ಕಳ ದರ ಕೇಳ್ಕೊಳ್ಳಿ, ಕ್ಯಾಮೆರಾಗೆ ದೊಡ್ಡ ಲೆನ್ಸ್ ಇದ್ರೆ ಅದಕ್ಕೆ ಬೇರೆ ಶುಲ್ಕ ಇದೆಯಾ ಅದನ್ನೂ ಕೇಳಿ. ಇನ್ನೊಂದು ಮುಖ್ಯ, ಮನೇಲಿ ಮಂಡಿನೋವಿನೋರು ಇದ್ರೆ ಡೈನಿಂಗ್ ಹಾಲಿಗೆ ಹತ್ರ ಇರೋ, ಮೆಟ್ಟಲು ಕಮ್ಮಿ ಇರೋ ಕಾಟೇಜು ಬೇಕು ಅಂತ ಫೋನಲ್ಲೇ ಹೇಳ್ಬಿಡಿ. ನಾನು ಹೇಳಿರ್ಲಿಲ್ಲ. ಅಮ್ಮ ಊಟಕ್ಕೆ ಇಳಿದು ಹತ್ತೋವಾಗೆಲ್ಲ "ನಿಂಗೆ ಇದೊಂದು ಬುದ್ಧಿ ಇಲ್ವೇನೋ" ಅಂತಿದ್ರು, ನಾನು ಬಾಯಿ ಮುಚ್ಕೊಂಡಿದ್ದೆ.

ಮಧ್ಯಾಹ್ನ ಊಟ ಆಗಿ ಸ್ವಲ್ಪ ಮಲಗೆದ್ದು ಟೀ ಕುಡಿದ್ರೆ ಜೀಪ್ ರೆಡಿ ಇರುತ್ತೆ. ಭದ್ರಾ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು, ಹುಲಿ ಇದೆ, ಆದ್ರೆ ಹುಲಿ ನೋಡ್ಲೇಬೇಕು ಅಂತ ಹಟ ಇರೋರು ಕಬಿನಿಗೆ ಹೋಗಿ, ಇಲ್ಲಿ ಮರ ದಟ್ಟ, ಕಣ್ಣೆದುರೇ ಇದ್ರೂ ಕಾಣಲ್ಲ. ನಮಗೆ ಸಿಕ್ಕಿದ್ದು ಕಾಟಿ ಹಿಂಡು, ಹದಿನಾಲ್ಕು ಎಣಿಸ್ದ ಮಗ, ಒಂದು ಕಡವೆ, ಕೆಂಜಳಿಲು, ಲೆಕ್ಕ ಇಲ್ಲದಷ್ಟು ಜಿಂಕೆ, ಮತ್ತೆ ರೋಡಲ್ಲಿ ಚಿರತೆ ಹೆಜ್ಜೆ. ಹೆಜ್ಜೆ ಮಾತ್ರ. ಡ್ರೈವರಣ್ಣ ಜೀಪ್ ನಿಲ್ಸಿ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಕಾದ್ರು, ಹಿಂದಿನ ಸೀಟಿನೋರು ಚಿಪ್ಸ್ ಪ್ಯಾಕೆಟ್ ಚರಚರ ಅನಿಸ್ತಿದ್ರು. ಸಾರ್, ಸ್ವಲ್ಪ ಒಳಗಿಡಿ ಅಂದೆ, ಮುಖ ಊದಿಸ್ಕೊಂಡ್ರು, ಪರವಾಗಿಲ್ಲ.

ಕಾಡಿನ ಒಳಗೆ ಮೊದಲು ಊರುಗಳೇ ಇದ್ವಂತೆ. 2001-02ರ ಸುಮಾರಿಗೆ 400ಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೊರಗೆ ಬಂದ್ರು, ತುಂಬ ಜನಕ್ಕೆ ನಮ್ಮ ದಾರಿ ಕಡೆನೇ ತರೀಕೆರೆ ತಾಲೂಕಿನ ಎಂ.ಸಿ. ಹಳ್ಳಿಯಲ್ಲಿ ಜಮೀನು ಕೊಟ್ರು. ಅವ್ರು ಬಿಟ್ಟು ಬಂದ ಗದ್ದೆಗಳು ಈಗ ಹುಲ್ಲುಬಯಲು, ಕಾಟಿ ಜಿಂಕೆ ಮೇಯೋದು ಅಲ್ಲೇ. ಇದನ್ನ ಕೇಳಿ ಅಮ್ಮ "ಪಾಪ, ಯಾರೋ ನಾಟಿ ಮಾಡಿದ ಗದ್ದೆ" ಅಂದ್ರು. ಅಮ್ಮನ ತವರಿನ ಜಮೀನೂ ಗೊರೂರು ಡ್ಯಾಮಲ್ಲಿ ಮುಳುಗಿದ್ದು, ಅವ್ರಿಗೆ ಅದು ಬೇರೆ ಥರ ತಾಗಿರ್ಬೇಕು.

ಬೆಳಗಿನ ಬೋಟ್ ಸಫಾರಿನೇ ಈ ಟ್ರಿಪ್ಪಿನ ಜೀವ, ನಿದ್ದೆಗಾಗಿ ಅದನ್ನ ಬಿಡ್ಬೇಡಿ. ಆರೂವರೆಗೆ ಲೈಫ್ ಜಾಕೆಟ್ ಹಾಕ್ಕೊಂಡು ಕೂತ್ವಿ, ನೀರಿನ ಮೇಲೆ ತೆಳು ಮಂಜು, ಒಣಗಿ ನಿಂತ ಮರದ ಬೊಡ್ಡೆಗಳ ತುದೀಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸ್ಕೊಂಡು ಕೂತಿದ್ವು. ಒಂದು ತಿರುವು ತಗೊಂಡ್ಮೇಲೆ ಸದ್ದು ಶುರುವಾಯ್ತು, ಹಕ್ಕಿ ಕಾಣೋಕೆ ಮುಂಚೆ ಸದ್ದು, ಸಂತೆ ಥರ. ಆಮೇಲೆ ದ್ವೀಪ ಕಾಣ್ತು, ಮೇಲೆಲ್ಲ ಬಿಳೀ ಬಿಳೀ. ಹಳದಿ ಕೊಕ್ಕು, ತಲೆಗೆ ಕರೀ ಟೋಪಿ ಹಾಕ್ಕೊಂಡಂಗೆ, ಕೆಂಪು ಕಾಲು, ಬಾಲ ಕತ್ತರಿ ಥರ ಸೀಳಿರುತ್ತೆ. ಗಂಡು ಮೀನು ಹಿಡ್ಕೊಂಡು ಬಂದು ಹೆಣ್ಣಿಗೆ ಕೊಡುತ್ತೆ, ಅದು ಕೆಲವು ಸಲ ತಗೊಳಲ್ಲ, ಇದು ಮತ್ತೆ ಹಿಡ್ಕೊಂಡು ಸುತ್ತ ತಿರುಗುತ್ತೆ. ನನ್ನ ಹೆಂಡ್ತಿ ನನ್ನ ಕಡೆ ತಿರುಗಿ ನೋಡಿದ್ಲು, ಏನೂ ಹೇಳ್ಲಿಲ್ಲ.

ಇಲ್ಲಿ ಒಂದು ಮಾತು ಕಟುವಾಗೇ ಹೇಳ್ತೀನಿ. ನಮ್ಮ ಬೋಟಲ್ಲಿದ್ದ ಒಬ್ರು "ಇನ್ನೂ ಸ್ವಲ್ಪ ಹತ್ರ ಹಾಕಣ್ಣ, ಕೈಖರ್ಚಿಗೆ ಕೊಡ್ತೀನಿ" ಅಂದ್ರು. ಬೋಟಿನೋರು ಒಪ್ಲಿಲ್ಲ, "ಹಕ್ಕಿ ಎದ್ರೆ ಮೊಟ್ಟೆ ಬೇಯ್ತವೆ ಸಾರ್" ಅಂದ್ರು. ನಿಜಾನೇ ಅದು. ನೆರಳಿಲ್ಲದ ಬರೀ ಕಲ್ಲಿನ ಮೇಲೆ ಮೊಟ್ಟೆ, ತಾಯಿ ಕೂರೋದೇ ಬಿಸಿಲಿಗೆ ಮರೆಯಾಗಿ, ಹೊಟ್ಟೆ ಭಾಗ ನೀರಲ್ಲಿ ಅದ್ದಿಕೊಂಡು ಬಂದು ಮೊಟ್ಟೆ ತಂಪು ಮಾಡ್ತವೆ. ಎಬ್ಬಿಸಿಬಿಟ್ರೆ ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಕಾಗೆ, ಹದ್ದು. ಅದಕ್ಕೇ ದುಡ್ಡು ತೋರಿಸಿ ಹತ್ರ ಹೋಗಿಸ್ಕೋಬೇಡಿ, ದುರ್ಬೀನು ತಗೊಂಡು ಹೋಗಿ. ನಾವು ಭಾವನ ಹತ್ರ ಹಳೇದೊಂದು ಇಸ್ಕೊಂಡು ಹೋಗಿದ್ವಿ, ಮೊಬೈಲ್ ಜೂಮಿಗಿಂತ ನೂರು ಪಾಲು ವಾಸಿ.

ವಾಪಸ್ ಬರೋವಾಗ ದಡದಲ್ಲಿ ಒಂದು ಮೊಸಳೆ ಬಾಯಿ ತೆಗ್ದು ಬಿದ್ಕೊಂಡಿತ್ತು, ಸ್ವಲ್ಪ ಮುಂದೆ ಆನೆಗಳು, ಎರಡು ದೊಡ್ಡವು, ಒಂದು ಮರಿ. ಮರಿ ನೀರಲ್ಲಿ ಉರುಳಾಡ್ತಾ ಇತ್ತು. ನಮ್ಮ ಆಲೂರು, ಸಕಲೇಶಪುರದ ಕಡೆ ಆನೆ ಅಂದ್ರೆ ಕಾಫಿ ತೋಟ, ಭತ್ತದ ಗದ್ದೆ ಹಾಳು, ಯಾರೋ ಸತ್ರು ಅನ್ನೋ ಸುದ್ದಿ, ಸೈರನ್ನು, ಮೆಸೇಜು. ನನ್ನ ಮಗನಿಗೆ ಆನೆ ಅಂದ್ರೆ ಭಯದ ವಿಷಯವಾಗೇ ಗೊತ್ತಿತ್ತು. ಅವುಗಳ ಪಾಡಿಗೆ ಅವು ಸ್ನಾನ ಮಾಡ್ಕೊಂಡಿರೋದನ್ನ ಅವ್ನು ನೋಡಿದ್ದು ಇದೇ ಮೊದಲು.

ಬೇಸಿಗೇಲಿ ಹೋಗೋರಿಗೆ ಒಂದು ಎಚ್ಚರಿಕೆ, ಇದನ್ನ ಯಾರೂ ಹೇಳಲ್ಲ. ಮಲೆನಾಡಲ್ಲಿ ಮಂಗನ ಕಾಯಿಲೆ ಸೀಸನ್ನೂ ಇದೇ, ಡಿಸೆಂಬರಿಂದ ಮೇವರೆಗೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಕೇಸು ಬಂದಿರೋದು ನೀವೂ ಓದಿರ್ತೀರಿ. ಉಣುಗು ಕಚ್ಚಿ ಬರೋದು. ಅದಕ್ಕೆ ಉದ್ದ ಪ್ಯಾಂಟು, ಮೈಮುಚ್ಚೋ ಶರ್ಟು, ಸಾಕ್ಸು ಹಾಕ್ಕೊಳ್ಳಿ, ಒಣ ಎಲೆ ಮೇಲೆ ಚಾಪೆ ಹಾಸ್ಕೊಂಡು ಕೂರೋದು ಮಲಗೋದು ಬೇಡ, ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ. ಊರಿಗೆ ಬಂದು ವಾರ ಹತ್ತು ದಿನದಲ್ಲಿ ಜೋರು ಜ್ವರ ಬಂದ್ರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದೆ ಅಂತ ಮೊದಲೇ ಹೇಳಿ. ಹೆದರ್ಕೊಂಡು ಟ್ರಿಪ್ ಕ್ಯಾನ್ಸಲ್ ಮಾಡೋ ಅಂಥದ್ದೇನಲ್ಲ, ನಾವು ರೂಮಿಗೆ ಬಂದ ತಕ್ಷಣ ಬಟ್ಟೆ ಬದಲಾಯಿಸಿ ಬಿಸಿನೀರು ಸ್ನಾನ ಮಾಡಿದ್ವಿ ಅಷ್ಟೇ.

ಚೆಕ್‌ಔಟ್ ಬೇಗ ಇರುತ್ತೆ, ತಿಂಡಿ ಮುಗಿಸಿ ಹೊರಟ್ರೆ ಅರ್ಧ ದಿನ ಕೈಯಲ್ಲಿರುತ್ತೆ. ತುಂಬ ಜನ ಆ ಅರ್ಧ ದಿನದಲ್ಲಿ ಕೆಮ್ಮಣ್ಣುಗುಂಡಿ, ಹೆಬ್ಬೆ ಫಾಲ್ಸು, ಮುಳ್ಳಯ್ಯನಗಿರಿ ಎಲ್ಲ ತುರುಕ್ತಾರೆ, ಆಗಲ್ಲ ಕಣ್ರೀ. ಹೆಬ್ಬೆ ಒಂದಕ್ಕೇ ಜೀಪು, ನಡಿಗೆ ಅಂತ ಅರ್ಧ ದಿನ ಬೇಕು, ಮುಳ್ಳಯ್ಯನಗಿರಿಗೆ ಈಗ ಮೊದಲೇ ಆನ್‌ಲೈನಲ್ಲಿ ಬುಕ್ ಮಾಡ್ಕೋಬೇಕು. ನಾವು ತರೀಕೆರೆ ಹತ್ರ ಅಮೃತಾಪುರಕ್ಕೆ ಹೋದ್ವಿ. 1196ರ ಹೊಯ್ಸಳ ದೇವಸ್ಥಾನ, ಇಮ್ಮಡಿ ವೀರಬಲ್ಲಾಳನ ಕಾಲದ್ದು, ಬೇಲೂರು ಹಳೇಬೀಡಿನ ಗಲಾಟೆ ಇಲ್ಲ, ಕವಿ ಜನ್ನನ ಪದ್ಯ ಕೆತ್ತಿರೋ ಶಾಸನ ಇದೆ, ಕಂಬಗಳು ಕನ್ನಡಿ ಥರ ಹೊಳೀತವೆ. ಅಮ್ಮ ಕಲ್ಲಿನ ಜಗಲಿ ಮೇಲೆ ಕಾಲು ಚಾಚ್ಕೊಂಡು ಕೂತು "ಇಲ್ಲಿ ಮೆಟ್ಟಲು ಕಮ್ಮಿ" ಅಂದ್ರು.

ಮುಂದಿನ ಮಾರ್ಚಿಗೆ ಮುತ್ತೋಡಿ ಕಡೆಯಿಂದ ಇದೇ ಭದ್ರಾ ಕಾಡಿಗೆ ಹೋಗೋ ಪ್ಲಾನಿದೆ, ಚಿಕ್ಕಮಗಳೂರಿಂದ ಮಲ್ಲಂದೂರು ರೋಡಲ್ಲಿ, ಒಂದೆರಡು ಮಳೆ ಬಿದ್ದಿದ್ರೆ ದಾರಿಯುದ್ದಕ್ಕೂ ಕಾಫಿ ಹೂವು ಸಿಗುತ್ತೆ. ಅಲ್ಲಿ ಉಳ್ಕೊಂಡಿದ್ದೋರು ಯಾರಾದ್ರೂ ಇದ್ರೆ ಮೆಟ್ಟಲು ಎಷ್ಟಿದೆ ಅಂತ ಒಂಚೂರು ಹೇಳಿ.