‘ನಮ್ಮೋರು ಯಾರೂ ಸಿಗ್ಲಿಲ್ವಾ ನಿಂಗೆ?’

ಮೂಡಿಗೆರೆ ಕಡೆಯ ಒಂದು ಸಣ್ಣ ಊರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಕಾಫಿ ಕುಯ್ಲಿನ ಕಾಲಕ್ಕೆ ಅಸ್ಸಾಂನಿಂದ ಕೂಲಿಗೆ ಬರುವವರ ರೇಷನ್ ಕೆಲಸಕ್ಕೆ ಅಷ್ಟಿಷ್ಟು ಓಡಾಡುತ್ತೇನೆ. ಹಾಗೆ ಓಡಾಡುವವರು ಇಲ್ಲಿ ನಾಲ್ಕೈದು ಜನ ಇದ್ದೇವೆ. ಸಂಘ ಗಿಂಘ ಏನಿಲ್ಲ, ಬೋರ್ಡೂ ಇಲ್ಲ. ಇಷ್ಟಕ್ಕೇ ಎಲ್ಲರದೂ ಒಂದೇ ಪ್ರಶ್ನೆ: ‘ನಮ್ಮೋರೇ ಎಷ್ಟೋ ಜನ ಕಷ್ಟದಲ್ಲಿದ್ದಾರೆ, ಅವರನ್ನ ಬಿಟ್ಟು ಇವರಿಗ್ಯಾಕೆ ಮಾಡ್ತೀಯ?’

ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ವಾಟ್ಸಾಪ್ ಮಾಡುತ್ತೇನೆ.

ಮೊದಲನೆಯದಾಗಿ, ಈ ಪ್ರಶ್ನೆ ಕೇಳಿದ ಒಬ್ಬರೂ ‘ನಮ್ಮೋರಿಗೆ’ ಅಂತ ಒಂದು ಅರ್ಜಿ ಬರೆದುಕೊಟ್ಟಿದ್ದು ನಾನು ನೋಡಿಲ್ಲ. ಹೋದ ವರ್ಷ ನೆಂಟರ ಮದುವೆಯಲ್ಲಿ ನಮ್ಮ ದೊಡ್ಡಪ್ಪ, ಎಲೆ ಮೇಲೆ ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಾ, ಪಂಕ್ತಿಗೆಲ್ಲ ಕೇಳುವ ಹಾಗೆ ‘ಏನಮ್ಮಾ, ನಮ್ಮೋರು ಯಾರೂ ಸಿಗ್ಲಿಲ್ವಾ ನಿಂಗೆ?’ ಅಂದರು. ಡಿಸೆಂಬರಿನಲ್ಲಿ ನಿಮ್ಮ ಐದು ಎಕರೆ ಅರೇಬಿಕಾ ಕುಯ್ದಿದ್ದು ಯಾರು ದೊಡ್ಡಪ್ಪ ಅಂದೆ. ‘ಅದು ಕೆಲಸ, ಇದು ಬೇರೆ’ ಅಂದರು. ಅವರಮ್ಮ, ಅಂದರೆ ನನ್ನಜ್ಜಿ, ಘಟ್ಟದ ಕೆಳಗಿನಿಂದ ಮೇಸ್ತ್ರಿ ಕೊಟ್ಟ ಅಡ್ವಾನ್ಸಿಗೆ ತೋಟಕ್ಕೆ ಬಂದವಳು, ಕೂಲಿಯವರ ಲೈನ್ ಮನೆಯಲ್ಲಿ ಇದ್ದವಳು. ಮದುವೆ ಊಟದಲ್ಲಿ ಅದನ್ನು ಎತ್ತಬಾರದಿತ್ತು. ಎತ್ತಿದೆ. ಈಗ ನಮ್ಮಿಬ್ಬರಿಗೂ ಅಷ್ಟಾಗಿ ಮಾತಿಲ್ಲ.

ಎರಡನೆಯದು, ಆ ‘ಮಾಡ್ತೀಯ’ ಅನ್ನೋ ಮಾತು. ನಾನೇನೋ ನಮ್ಮ ಮನೆ ಅಕ್ಕಿ ಅಳೆದು ಕೊಡುತ್ತಿದ್ದೀನಿ ಅನ್ನೋ ಹಾಗೆ! ನಾನು ಯಾರಿಗೂ ಏನೂ ಕೊಡುತ್ತಿಲ್ಲ ಸ್ವಾಮಿ. 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಬಿಪಿಎಲ್ ಕಾರ್ಡಿನಲ್ಲಿ ಹೆಸರಿರುವ ಒಬ್ಬೊಬ್ಬರಿಗೂ ತಿಂಗಳಿಗೆ 5 ಕೆಜಿ. 2023ರ ಜನವರಿಯಿಂದ ಅದಕ್ಕೆ ದುಡ್ಡೂ ಇಲ್ಲ. ಒಂದು ದೇಶ ಒಂದು ರೇಷನ್ ಕಾರ್ಡ್ ಅಂತ ಬಂತಲ್ಲ, ಅದಕ್ಕೆ ಕರ್ನಾಟಕ 2020ರಲ್ಲೇ ಸೇರಿತು. ಅಸ್ಸಾಂ ಎಲ್ಲರಿಗಿಂತ ಕೊನೆಗೆ, 2022ರ ಜೂನಿನಲ್ಲಿ. ಅಲ್ಲಿಂದೀಚೆಗೆ ಅಲ್ಲಿನ ಕಾರ್ಡಿಗೆ ಇಲ್ಲಿನ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಒತ್ತಿ ಅಕ್ಕಿ ತಗೋಬಹುದು. ನಮ್ಮ ಸರ್ಕಾರ ಅದರ ಮೇಲೆ ಕೊಡುವ ಅನ್ನಭಾಗ್ಯದ ಪಾಲು ಅವರಿಗೆ ಬರೋದಿಲ್ಲ. ಅಂದಮೇಲೆ ನಿಮ್ಮ ಚೀಲಕ್ಕೆ ಯಾರೂ ಕೈ ಹಾಕಿಲ್ಲ. ಅವರ ಅಕ್ಕಿ ಅವರು ತಗೊಳ್ಳುವಾಗ ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಅಷ್ಟೇ ನನ್ನ ಸಮಾಜಸೇವೆ. ಯಾಕೆ ನಿಲ್ಲಬೇಕು ಅಂದರೆ, ಒಬ್ಬರೇ ಹೋದರೆ ‘ಸರ್ವರ್ ಇಲ್ಲ, ನಾಳೆ ಬಾ’. ನಾಳೆ ಬರೋದು ಅಂದರೆ ಒಂದು ದಿನದ ಕೂಲಿ ಹೋಯ್ತು.

‘ಅವರೆಲ್ಲ ಬಾಂಗ್ಲಾದವರಲ್ವಾ?’ ಅಂತಲೂ ಕೇಳುತ್ತಾರೆ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷೀನು ಒಪ್ಪಿಕೊಂಡಿದೆ. ನಿಮ್ಮದೇನು?

ಯಾರೂ ಕೇಳದ ಪ್ರಶ್ನೆ ಒಂದಿದೆ. ಇಷ್ಟು ಓಡಾಡ್ತೀಯಲ್ಲ, ಏನಾದ್ರೂ ಎಡವಟ್ಟು ಮಾಡಿದೀಯಾ? ಕೇಳಿದ್ದರೆ ಖುಷಿಯಾಗಿ ಹೇಳುತ್ತಿದ್ದೆ. ಸರಿ, ಖುಷಿಯಾಗಿ ಅಲ್ಲ.

ಹೋದ ವರ್ಷ ಜನವರಿ. ಗಂಡ ಹೆಂಡತಿ ಇಬ್ಬರೂ ಹತ್ತಿರದ ತೋಟದಲ್ಲಿ ಕುಯ್ಲಿಗೆ ಇದ್ದರು. ಅವಳನ್ನು ಕರೆದುಕೊಂಡು ರೇಷನ್ ಅಂಗಡಿಗೆ ಹೋದೆ. ಹಣ್ಣು ಕುಯ್ದು ಕುಯ್ದು ಅವಳ ಬೆರಳು ಕಪ್ಪಾಗಿ ಒರಟಾಗಿದ್ದವು. ಹೆಬ್ಬೆಟ್ಟು ತಗೊಳ್ಳಲಿಲ್ಲ. ತೋರುಬೆರಳೂ ಇಲ್ಲ. ನಲ್ಲಿಯಲ್ಲಿ ಕೈ ತೊಳೆದು ಬಂದಳು, ಆಗಲೂ ಇಲ್ಲ. ಹಿಂದೆ ಸಾಲಿನಲ್ಲಿದ್ದವರು ಗೊಣಗೋಕೆ ಶುರು ಮಾಡಿದರು, ನಾನೂ ಅವರ ಮೇಲೆ ಕೂಗಾಡಿದೆ. ಅಷ್ಟರಲ್ಲಿ ಅವಳು ಸುಮ್ನೆ ಸೆರಗು ಸರಿಸಿ, ಬೈತಲೆ ಹತ್ತಿರ ಎಣ್ಣೆ ಹಚ್ಚಿದ ಕೂದಲಿಗೆ ಉಂಗುರದ ಬೆರಳನ್ನು ಎರಡು ಸಲ ಉಜ್ಜಿ ಗಾಜಿನ ಮೇಲೆ ಇಟ್ಟಳು. ಚೀಟಿ ಬಂತು! ಕಾರ್ಡಿನಲ್ಲಿ ನಾಲ್ಕು ಜನ, 20 ಕೆಜಿ. ತೊಳೆದ ಗೊಬ್ಬರದ ಚೀಲದಲ್ಲಿ ತುಂಬಿಸಿ ನನ್ನ ಸ್ಕೂಟಿ ಮುಂದೆ ಇಟ್ಟುಕೊಂಡು ಲೈನಿನವರೆಗೂ ಬಿಟ್ಟು ಬಂದೆ. ಆ ರಾತ್ರಿ ಗೆದ್ದ ಹಾಗೆ ನಿದ್ದೆ ಮಾಡಿದೆ.

ಮೂರು ದಿನ ಬಿಟ್ಟು ಫೋನ್ ಸ್ಪೀಕರಿಗೆ ಹಾಕಿಕೊಂಡು ಅಂಗಡಿಗೆ ಬಂದಳು. ಆ ಕಡೆ ಅವಳ ಅತ್ತೆ. ಐದು ನಿಮಿಷ ನಿಲ್ಲಿಸದೆ ಮಾತಾಡಿದರು. ಏನಂತೆ ಅಂತ ಕೇಳಿದರೆ ಸೊಸೆ ಹೇಳಿದ್ದು ಎರಡೇ ಮಾತು: ‘ಚಾವಲ್ ಖತಮ್.’

ಕಾರ್ಡಿನಲ್ಲಿದ್ದ ನಾಲ್ವರಲ್ಲಿ ಇಬ್ಬರು ಮಾತ್ರ ಇಲ್ಲಿದ್ದರು. ಅತ್ತೆ, ದೊಡ್ಡ ಮಗ ಊರಲ್ಲಿ. ನಾವು ಇಲ್ಲಿ 10 ಕೆಜಿ ತಗೊಂಡು ಉಳಿದ ಹತ್ತನ್ನು ಅವರಿಗೆ ಬಿಡಬಹುದಿತ್ತು, ನಿಯಮದಲ್ಲೇ ಅದಕ್ಕೆ ಅವಕಾಶ ಇದೆ. ನನಗೆ ಅದು ಗೊತ್ತಿತ್ತು ಕೂಡ. ಅಂಗಡಿಯಲ್ಲಿ ಜಗಳ ಗೆಲ್ಲುವ ಭರದಲ್ಲಿ ಕೇಳೋದು ಮರೆತೆ. ಆ ಮುದುಕಿ ಅಲ್ಲಿ ಸಾಲಿನಲ್ಲಿ ನಿಂತು, ಹೆಬ್ಬೆಟ್ಟು ಒತ್ತಿ, ಖಾಲಿ ಚೀಲ ಹಿಡಿದುಕೊಂಡು ಮನೆಗೆ ಹೋಗಿದ್ದಾರೆ. ಅವರ ಪಾಲಿನ ಅಕ್ಕಿ ಇಲ್ಲಿ ಲೈನ್ ಮನೆಯ ಮೂಲೆಯಲ್ಲಿತ್ತು.

ನನ್ನ ಫೋನಿನಿಂದಲೇ ಅವರ ಊರಿಗೆ 500 ರೂಪಾಯಿ ಹಾಕಿದೆ. ಬಟವಾಡೆ ದಿನ ಅವಳು ಆ ದುಡ್ಡು ತಂದಳು. ಬೇಡ ಅಂದೆ. ಕೇಳಿಸದವಳ ಹಾಗೆ ಜೆರಾಕ್ಸ್ ಮಷೀನಿನ ಮೇಲೆ ಇಟ್ಟು, ‘ದೀದಿ, ಚಾಯ್?’ ಅಂದಳು. ಇಬ್ಬರೂ ಎದುರಿನ ಹೋಟೆಲ್ಲಿನಲ್ಲಿ ಟೀ ಕುಡಿದೆವು. ಕಾಫಿ ನಾಡಿನಲ್ಲಿ ಇದ್ದುಕೊಂಡು ಟೀ! ಬಿಲ್ಲೂ ಅವಳೇ ಕೊಟ್ಟಳು.

ಈಗ ಯಾರೇ ಕಾರ್ಡ್ ಹಿಡಿದುಕೊಂಡು ಬಂದರೂ ಹೆಸರು ಆಮೇಲೆ, ಮೊದಲು ‘ಘರ್ ಮೇ ಕಿತ್ನಾ ಆದ್ಮಿ?’ ಅಂತ ಕೇಳುತ್ತೇನೆ. ನನ್ನ ಹಿಂದಿ ಅಷ್ಟೇ. ಹೋದ ವಾರ ದೊಡ್ಡಪ್ಪನ ತೋಟಕ್ಕೆ ಬಂದಿರುವ ಗ್ಯಾಂಗಿನ ಇಬ್ಬರು ಬಂದಿದ್ದರು, ದೊಡ್ಡಪ್ಪನೇ ಕಳಿಸಿದ್ದಂತೆ. ಜೆರಾಕ್ಸಿಗೆ ಎರಡು ರೂಪಾಯಿ ತಗೊಂಡೆ.