ಊಟ ಆಯ್ತಾ ಅಂದಾಗ

12 ಜುಲೈ 2024, ಶುಕ್ರವಾರ
ಕೋಲಾರ

ಬೆಳಿಗ್ಗೆ ಹರಾಜಿನ ಹೊತ್ತು. ಟೊಮೆಟೊ ಸೀಸನ್‌ನಲ್ಲಿ ನಮ್ಮ ಎಪಿಎಂಸಿಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ಶ್ರೀನಿವಾಸಪುರದ ಕಡೆಯ ತಾತ ಒಬ್ಬರು ನನ್ನ ಮಂಡಿ ಅಂಗಡಿ ಮುಂದೆ ಬಂದು, ತೆಲುಗಿನಲ್ಲಿ "ಏಂ ನಾಯನಾ, ಅನ್ನಂ ತಿಂಟಿವಾ?" ಅಂದರು, ಊಟ ಆಯ್ತಾ ಅಂತ. ನನ್ನ ಕಿವಿಯಲ್ಲಿ ಫೋನಿತ್ತು. ತಲೆ ಎತ್ತದೆ "ಎಷ್ಟು ಬಾಕ್ಸು?" ಅಂದೆ. "ಮೂವತ್ತೆರಡು" ಅಂದರು, ಈ ಸಲ ಕನ್ನಡದಲ್ಲಿ. ಬರೆದುಕೊಂಡೆ. ಆಮೇಲೂ ಅವರು ಒಂದು ಗಳಿಗೆ ಅಲ್ಲೇ ನಿಂತಿದ್ದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೋಗಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಮ್ಮ ಸೀಮೆಯಲ್ಲಿ ಯಾರು ಸಿಕ್ಕರೂ ಮೊದಲು ಕೇಳೋದೇ ಊಟ. ಕೆಜಿಎಫ್ ಕಡೆಯವರು ಬಂದರೆ ತಮಿಳಲ್ಲಿ "ಸಾಪ್ಟಾಚಾ?" ಅಂತಾರೆ. ಚೀನಾದಲ್ಲೂ ಹಳಬರು "ಚೀ ಲೆ ಮಾ?" ಅಂತಲೇ ಮಾತು ಶುರು ಮಾಡ್ತಾರೆ, ಅದರ ಅರ್ಥವೂ ಊಟ ಆಯ್ತಾ ಅಂತಲೇ. ಬರ ಕಂಡ ಜನ ಒಬ್ಬರನ್ನೊಬ್ಬರು ಬೇರೇನು ಕೇಳಬೇಕು?

ಮಧ್ಯಾಹ್ನ ನಮ್ಮ ಹಮಾಲಿ ಭಾಯ್ ಹತ್ತಿರ ಇದನ್ನ ಹೇಳಿಕೊಂಡೆ. "ಅಸ್ಸಲಾಮು ಅಲೈಕುಂ ಅನ್ನೋದು, ನಿಮ್ಮ ಮೇಲೆ ಶಾಂತಿ ಇರಲಿ ಅಂತ. ಸಲಾಂ ಹೇಳೋದು ಒಳ್ಳೇದು ಸಾರ್, ಆದ್ರೆ ಜವಾಬು ಕೊಡೋದು ಕಡ್ಡಾಯ" ಅಂದರು. ಕೊಡಬೇಕಾದ ಸಾಲದ ಹಾಗೆ. ಆ ಮಾತು ನೇರ ಎದೆಗೆ ಬಿತ್ತು.

ನಾನು ದಿನಕ್ಕೆ ನೂರು ಸಲ ಅನ್ನೋದು "ಹಲೋ". 1877ರಲ್ಲಿ ಎಡಿಸನ್ ಫೋನಿಗೆ ಈ ಮಾತು ಸಾಕು ಅಂದಿದ್ದರು. ಗ್ರಹಾಂ ಬೆಲ್‌ಗೆ ಇಷ್ಟ ಇದ್ದಿದ್ದು "ಅಹಾಯ್", ಹಡಗಿನವರ ಕೂಗು. ಯಾವುದಾದರೂ ಅಷ್ಟೇ, ಆ ಕಡೆ ಯಾರಾದ್ರೂ ಇದೀರಾ ಅಂತ ಕರೆಯೋದು. ಉಂಡ್ಯಾ, ಹಸಿದಿದ್ಯಾ ಅನ್ನೋ ವಿಚಾರಣೆ ಅದರಲ್ಲಿಲ್ಲ.

ಸಂಜೆ ತಾತ ಮಾರಾಟದ ಪಟ್ಟಿ ಇಸ್ಕೊಳ್ಳೋಕೆ ಬಂದರು. ಫೋನನ್ನ ಡ್ರಾಯರ್‌ನಲ್ಲಿಟ್ಟು ಎದ್ದು ನಿಂತೆ.

"ತಾತಾ, ತಿಂಟಿರಾ?"

"ಇಂಕಾ ಲೇದು ನಾಯನಾ."

ಕತ್ತಲಲ್ಲೇ ಊರು ಬಿಟ್ಟವರು, ಇನ್ನೂ ಉಂಡಿರಲಿಲ್ಲ. ಬೆಳಿಗ್ಗೆಯೇ ತಿರುಗಿ ಕೇಳಿದ್ದರೆ ಗೊತ್ತಾಗ್ತಿತ್ತು. ಗೇಟಿನ ಪಕ್ಕದ ಹೋಟೆಲಿಗೆ ಕರ್ಕೊಂಡು ಹೋದೆ. ಬಿಸಿ ಮುದ್ದೆ, ಹುರುಳಿಕಾಳು ಸಾರು. ಅವರು ಮುದ್ದೆಗೆ ಕೈ ಹಾಕದೆ ನನ್ನ ತಟ್ಟೆ ಬರೋ ತನಕ ಕಾದರು. ಬಂದ ಮೇಲೆ, "ನುವ್ವು ತಿನು ನಾಯನಾ" ಅಂದರು.